ಪೊಟರೆ ಬಿದ್ದ ಹಲಸನ್ನು ಕಡಿಸಬೇಕಾ?

ಪ್ರಶ್ನೆ: ಚಿಕ್ಕಮಗಳೂರಿನ ಹಳೇ ಬಡಾವಣೆಯಲ್ಲಿ ನಮ್ಮ ಮಾವನವರು 1974ರಲ್ಲಿ ಕಟ್ಟಿಸಿದ ಹೆಂಚಿನ ಮನೆ ನಮ್ಮದು. ಹಿತ್ತಿಲಲ್ಲಿ ಬಾವಿಯ ಪಕ್ಕ ದೊಡ್ಡ ಹಲಸಿನ ಮರವಿದೆ, ಮನೆಗಿಂತ ಹಳೆಯದು. ಸುತ್ತಳತೆ ಒಂಬತ್ತೂವರೆ ಅಡಿ. ಐದಡಿ ಎತ್ತರದಲ್ಲಿ ಟಿಫಿನ್ ಕ್ಯಾರಿಯರ್ ಇಡುವಷ್ಟು ಪೊಟರೆಯಾಗಿದೆ. ಪಕ್ಕದ ಮನೆ ಕಡೆ ಎರಡು ಸಿಲ್ವರ್ ಓಕ್ ಇವೆ. ಒಂಬತ್ತು ವರ್ಷದ ಹಿಂದೆ ಮೂವತ್ತಡಿಗೆ ತಲೆ ತೆಗೆಸಿದ್ದೆವು, ಈಗ ಮತ್ತೆ ಮೊದಲಿನಷ್ಟೇ ಎತ್ತರ. ಕಳೆದ ಆಶ್ಲೇಷ ಮಳೆಯಲ್ಲಿ ಒಂದರ ಕೊಂಬೆ ಮುರಿದು ಪಕ್ಕದವರ ಕಾರ್ ಶೆಡ್ಡಿನ ಶೀಟು ಪುಡಿಯಾಯಿತು. ಗೇಟಿನ ಬಳಿಯ ಮಾವಿನ ಮರದ ಬೇರಿನಿಂದ ಕಾಂಪೌಂಡ್ ಬಿರುಕು ಬಿಟ್ಟಿದೆ. ಮೂರು ವರ್ಷದ ಹಿಂದೆ ಅಂಗಳಕ್ಕೆ ಹಾಕಿಸಿದ ಇಂಟರ್‌ಲಾಕ್ ಕೂಡ ಅಲ್ಲಿ ಮೇಲೇಳುತ್ತಿದೆ. ಮರದ ವ್ಯಾಪಾರಿ ಬಂದು ನೋಡಿ, "ಹಲಸು ಒಳಗೆ ಪೂರ್ತಿ ಟೊಳ್ಳು, ಮುಂದಿನ ಮಳೆಗಾಲ ತಡೆಯಲ್ಲ. ಕಡಿದು ಒಳ್ಳೆ ರೇಟು ಕೊಡ್ತೀನಿ, ಓಕಿನ ತಲೆ ಪುಕ್ಕಟೆ ತೆಗೆದುಕೊಡ್ತೀನಿ, ಮಾವಿನ ಬೇರು ಕಡಿದರೆ ಸಾಕು" ಅಂದಿದ್ದಾನೆ. ಬೆಂಗಳೂರಿನಲ್ಲಿರುವ ಮಗ ಎಲ್ಲಾ ಕಡಿಸಿಬಿಡಿ ಅನ್ನುತ್ತಾನೆ. ಎಂಬತ್ತನಾಲ್ಕು ವರ್ಷದ ಅತ್ತೆ ಹಲಸಿಗೆ ಕೊಡಲಿ ಹಾಕಿದರೆ ಊಟ ಬಿಡುತ್ತೇನೆ ಅನ್ನುತ್ತಾರೆ. ಫೋಟೊಗಳನ್ನು ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಫೋಟೊಗಳನ್ನು ಎರಡೆರಡು ಸಲ ನೋಡಿದೆ. ಒಟ್ಟು ಹದಿನಾಲ್ಕು. ಒಂಬತ್ತು ಹಲಸಿನವು, ನಾಲ್ಕು ಓಕಿನವು. ಮಾವಿನದು ಒಂದೇ ಒಂದು, ಅದೂ ಕಾಂಪೌಂಡಿನ ಬಿರುಕು ತೋರಿಸಲು ತೆಗೆದದ್ದು, ಮರ ಅದರಲ್ಲಿ ಅರ್ಧ ಸಿಕ್ಕಿದೆ. ಮನೆಯವರಿಗೆ ಯಾವ ಮರದ ಮೇಲೆ ಎಷ್ಟು ಭಯ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ನನ್ನ ಲೆಕ್ಕ ಇದಕ್ಕೆ ತಲೆಕೆಳಗಾಗಿದೆ. ಈ ನಾಲ್ಕು ಮರಗಳಲ್ಲಿ ನನಗೆ ಅತಿ ಕಡಿಮೆ ಚಿಂತೆ ಹಲಸಿನದು. ಓಕ್‌ಗಳ ವಿಷಯದಲ್ಲಿ ಭರಣಿ ಮಳೆಗೆ ಮೊದಲೇ ಏನಾದರೂ ಮಾಡಬೇಕು. ನಿದ್ದೆ ಕೆಡಿಸಬೇಕಾದದ್ದು ಮಾವು.

ಮೊದಲು ಪೊಟರೆಯ ಮಾತು. ನಿಮ್ಮ ವ್ಯಾಪಾರಿಯನ್ನು ಒಂದು ಪ್ರಶ್ನೆ ಕೇಳಬಹುದಿತ್ತು: ಒಳಗೆ ಪೂರ್ತಿ ಟೊಳ್ಳಾದ ಮರಕ್ಕೆ ಒಳ್ಳೆ ರೇಟು ಹೇಗೆ ಬಂತು? ಟೊಳ್ಳಿಗೆ ದುಡ್ಡು ಕೊಡುವ ವ್ಯಾಪಾರಿಯನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡಿಲ್ಲ. ಹಳೇ ಹಲಸಿನ ಅರಿಸಿನ ಬಣ್ಣದ ಚೇಗಿಗೆ ಬಾಗಿಲು, ಕಿಟಕಿ ಮಾಡುವವರಲ್ಲಿ ಎಷ್ಟು ಬೇಡಿಕೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ಮರದ ಒಳಗಿನ ಚೇಗು ಜೀವವಿಲ್ಲದ ಭಾಗ. ಬೇರಿನಿಂದ ನೀರು ಮೇಲೇರುವುದು ಅದರ ಹೊರಗಿನ ಬಿಳಿ ಮರದಲ್ಲಿ, ಎಲೆ ಮಾಡಿದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಪದರದಲ್ಲಿ. ಆದ್ದರಿಂದ ನಡುವಿನದು ಕೊಳೆತು ಹೋದರೂ ಮರಕ್ಕೆ ಹಸಿವಾಗಲೀ ಬಾಯಾರಿಕೆಯಾಗಲೀ ಆಗುವುದಿಲ್ಲ. ಉಳಿಯುವ ಪ್ರಶ್ನೆ ಗಟ್ಟಿತನದ್ದು. ಬಿದಿರಿನ ಗಳ ಟೊಳ್ಳು, ಆದರೆ ಗಾಳಿಗೆ ಮುರಿಯುವುದು ಅಪರೂಪ. ಬಾಗುವ ಒತ್ತಡವನ್ನೆಲ್ಲ ಹೊರಗಿನ ಗೋಡೆಯೇ ತಡೆದುಕೊಳ್ಳುತ್ತದೆ. ಜರ್ಮನಿಯ ಕ್ಲಾಸ್ ಮಾಟ್ಹೆಕ್ ಎಂಬ ವಿಜ್ಞಾನಿ ನಿಂತ ಮತ್ತು ಮುರಿದ ಟೊಳ್ಳುಮರಗಳನ್ನು ಅಳೆದು ಒಂದು ಲೆಕ್ಕ ಕೊಟ್ಟಿದ್ದಾರೆ: ಗಟ್ಟಿಯಾಗಿ ಉಳಿದ ಗೋಡೆಯ ದಪ್ಪ ಮರದ ತ್ರಿಜ್ಯದ ಮೂರನೇ ಒಂದು ಭಾಗದಷ್ಟಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ನಿಮ್ಮ ಹಲಸಿನ ಸುತ್ತಳತೆ ಒಂಬತ್ತೂವರೆ ಅಡಿ ಅಂದರೆ ಅಡ್ಡಳತೆ ಸುಮಾರು ಮೂರಡಿ, ತ್ರಿಜ್ಯ ಹದಿನೆಂಟು ಇಂಚು. ಸುತ್ತಲೂ ಆರಿಂಚು ಗಟ್ಟಿ ಮರವಿದ್ದರೆ ಸಾಕು. ಪೊಟರೆಯ ಬಾಯಿ ಅಗಲವಾಗಿ ಬೊಡ್ಡೆಯ ಸುತ್ತಿನ ಮೂರನೇ ಒಂದು ಭಾಗವನ್ನೇ ನುಂಗಿದ್ದರೆ ಈ ಲೆಕ್ಕವನ್ನು ನಂಬಬಾರದು. ಕೊಳವೆ ಸೀಳಿದ ಮೇಲೆ ಅದು ಕೊಳವೆಯಲ್ಲ. ನಿಮ್ಮದು ಒಂದು ಅಂಗೈ ಅಗಲದ ಬಾಯಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮರದ ಕೊಡತಿ ತೆಗೆದುಕೊಂಡು ಬುಡದಿಂದ ಎದೆಯೆತ್ತರದವರೆಗೆ ಒಂದೊಂದು ಗೇಣಿಗೆ ಸುತ್ತಲೂ ಬಡಿದು ಕೇಳಿ. ಗಟ್ಟಿ ಜಾಗದಲ್ಲಿ ಕೊಡತಿ ಪುಟಿದು 'ಟಣ್' ಅನ್ನುತ್ತದೆ, ಗೋಡೆ ತೆಳುವಾದಲ್ಲಿ ಖಾಲಿ ಡ್ರಮ್ಮಿನ ಸದ್ದು. ಡ್ರಮ್ಮಿನ ಸದ್ದು ಬಂದ ಕಡೆಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೊ ತೆಗೆಯಿರಿ. ಪೊಟರೆಯ ಅಕ್ಕಪಕ್ಕ ಮಾತ್ರ ಗುರುತು ಬಿದ್ದರೆ ಸರಿ. ಸುತ್ತಲೂ ಬಿದ್ದರೆ, ಅಥವಾ ಬುಡದಲ್ಲಿ ನೆಲಕ್ಕೆ ಅಂಟಿಕೊಂಡು ಕಟ್ಟಿಗೆಯಷ್ಟು ಗಟ್ಟಿಯಾದ, ಮೇಲೆ ಕಂದು, ಅಂಚು ಬಿಳಿ ಇರುವ ಅಣಬೆ ಎದ್ದಿದ್ದರೆ ನನ್ನ ಮಾತು ಬದಲಾಗುತ್ತದೆ. ತೆಂಗಿಗೆ ಬರುವ ಅಣಬೆ ರೋಗದ ಗುಂಪಿನದೇ ಆ ಅಣಬೆ. ಮೇಲಿನ ಪೊಟರೆಯ ಹಾಗಲ್ಲ, ಅದು ಬೇರನ್ನೇ ತಿನ್ನುತ್ತದೆ. ನಿಮ್ಮ ಫೋಟೊಗಳಲ್ಲಿ ಅಂಥದ್ದು ಕಾಣಲಿಲ್ಲ, ಆದರೆ ಬಾವಿಕಟ್ಟೆಯ ಮರೆಯ ಭಾಗ ಯಾವ ಫೋಟೊದಲ್ಲೂ ಇಲ್ಲ. ಅಲ್ಲಿ ಬಗ್ಗಿ ನೋಡಿ.

ಪೊಟರೆಗೆ ಸಿಮೆಂಟ್ ತುಂಬಿಸಬೇಡಿ. ಇದನ್ನು ಹೇಳುವಾಗ ನನಗೇ ನಾಚಿಕೆ, ಯಾಕೆಂದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ನಿಂತು ಒಂದು ಸಂಪಿಗೆ ಮರಕ್ಕೆ ಮೂರು ಬಾಂಡ್ಲಿ ಕಾಂಕ್ರೀಟ್ ತುಂಬಿಸಿದ್ದೆ. ಆಗ ಅದು ಶಾಸ್ತ್ರೋಕ್ತ ಚಿಕಿತ್ಸೆ. ಮರ ಗಾಳಿಗೆ ಬಾಗುತ್ತದೆ, ಕಾಂಕ್ರೀಟ್ ಬಾಗುವುದಿಲ್ಲ. ಎರಡರ ಸಂದಿಯಲ್ಲಿ ನೀರು ನಿಂತು ಕೊಳೆ ಇನ್ನೂ ಜೋರಾಯಿತು. ಕೊನೆಗೆ ಕಡಿಯುವಾಗ ಮಿಷನ್ನಿನ ಸರಪಳಿಯೂ ಹಾಳಾಯಿತು. ಮರಕ್ಕೆ ನಮ್ಮ ಹಾಗೆ ಗಾಯ ಮಾಯುವುದಿಲ್ಲ. ಅಮೆರಿಕದ ಅಲೆಕ್ಸ್ ಶಿಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ತೋರಿಸಿದ್ದು ಇದನ್ನೇ: ಕೊಳೆತ ಜಾಗದ ಸುತ್ತ ಮರ ಒಂದು ಗೋಡೆ ಕಟ್ಟಿಕೊಂಡು, ಅದನ್ನು ಅಲ್ಲಿಗೇ ಬಿಟ್ಟು ಹೊರಗೆ ಹೊಸ ಪದರ ಬೆಳೆಸುತ್ತ ಹೋಗುತ್ತದೆ. ಪೊಟರೆಯೊಳಗೆ ಕತ್ತಿ ಹಾಕಿ ಕೆರೆದು ಶುಚಿ ಮಾಡಿದರೆ ಒಡೆಯುವುದು ಆ ಗೋಡೆಯೇ. ನೀರು ಹರಿದುಹೋಗಲೆಂದು ತಳದಲ್ಲಿ ತೂತು ಕೊರೆಯುವುದೂ ಹಾಗೆಯೇ. ಏನೂ ಮಾಡದೆ ಬಿಡುವುದೇ ಇಲ್ಲಿ ಚಿಕಿತ್ಸೆ. ಒಂಬತ್ತನೇ ಫೋಟೊದಲ್ಲಿ ಪೊಟರೆಯ ಅಂಚಿಗೆ ಬಿಳಿ ಹಿಕ್ಕೆ ಕಂಡಿತು. ಹಾಲಕ್ಕಿ ಅನ್ನುವ ಪುಟ್ಟ ಗೂಬೆಯ ಜೋಡಿ ಇರಬೇಕು, ಸಂಜೆ ನೋಡಿ. ಇಲಿ ಹಿಡಿಯಲು ಅದಕ್ಕಿಂತ ಒಳ್ಳೆ ಬಾಡಿಗೆದಾರ ಸಿಗುವುದಿಲ್ಲ.

ಹಾಗಂತ ಹಲಸಿಗೆ ಏನೂ ಬೇಡವೆಂದಲ್ಲ. ಹೆಂಚಿನ ಮೇಲೆ ಚಾಚಿದ ಕೊಂಬೆಯಲ್ಲಿ ಎರಡು ಒಣ ಟೊಂಗೆಗಳಿವೆ. ಒಣಗಿದ್ದನ್ನು ತೆಗೆಸಿ, ಹಸಿಯದನ್ನು ಮುಟ್ಟಿಸಬೇಡಿ. ತೆಗೆಯುವಾಗ ಕೊಂಬೆ ಬೊಡ್ಡೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಭಾಗವಿರುತ್ತದಲ್ಲ, ಅದಕ್ಕೆ ಗರಗಸ ತಾಗದಂತೆ ಸ್ವಲ್ಪ ಹೊರಗೆ ಕೊಯ್ಯಬೇಕು. ನೋಟಕ್ಕೆ ಚೆಂದವಾಗಲಿ ಎಂದು ಬೊಡ್ಡೆಗೆ ಸಮವಾಗಿ ನುಣ್ಣಗೆ ಕೊಯ್ದರೆ ಮುಂದಿನ ಪೊಟರೆ ಅಲ್ಲೇ ಶುರು. ಈಗಿರುವ ಪೊಟರೆಯ ಆಕಾರ ನೋಡಿದರೆ ಬಹುಶಃ ಹಿಂದೆ ಯಾರೋ ಹೀಗೆ ಕೊಯ್ದದ್ದರ ಫಲವೇ ಅದು. ಕೊಯ್ದ ಜಾಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ಮುಲಾಮು ಬಳಿಯಬೇಕಾ ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ತೋಟದಲ್ಲಿ ಅದಕ್ಕೆ ಅದರದೇ ಉಪಯೋಗಗಳಿವೆ. ದೊಡ್ಡ ಮರದ ದೊಡ್ಡ ಗಾಯದೊಳಗೆ ಕೊಳೆ ಇಳಿಯುವುದನ್ನು ಅದು ತಡೆಯುತ್ತದೆ ಎಂದು ನಂಬಿ ಕೂರಬೇಡಿ. ಟಾರು, ಪೇಂಟು, ಸೀಮೆಎಣ್ಣೆ ಬೇಡವೇ ಬೇಡ.

ಈಗ ಓಕ್.

ಸಿಲ್ವರ್ ಓಕ್ ಮೇಲೆ ನನಗೆ ವಿಶೇಷ ಮಮತೆಯಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದಿಂದ ಬಂದು ಕಾಫಿ ತೋಟದ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಚೆನ್ನಾಗಿ ಒದಗಿತು. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ. ತೋಟದಿಂದ ಊರಿಗೆ ಬಂದು ಮನೆ ಕಟ್ಟಿದವರು ಅಭ್ಯಾಸಬಲದಿಂದ ಕಾಂಪೌಂಡಿನ ಬದಿಗೆ ಎರಡು ನೆಟ್ಟರು. ಜೊತೆಗೆ ತೋಟದ ಇನ್ನೊಂದು ಅಭ್ಯಾಸವೂ ಬಂತು: ಮರಗಸಿ, ಅಂದರೆ ನೆರಳುಮರದ ಕೊಂಬೆ, ತಲೆ ಕಡಿಯುವುದು. ತೋಟದಲ್ಲಿ ಮರಗಸಿಯ ಉದ್ದೇಶ ಕೆಳಗಿನ ಕಾಫಿಗೆ ಬೆಳಕು ಬಿಡುವುದು. ಅಲ್ಲಿ ಕೊಂಬೆ ಮುರಿದುಬಿದ್ದರೆ ನಾಲ್ಕು ಕಾಫಿ ಗಿಡ ಹೋದಾವು. ಮನೆಯಂಗಳದಲ್ಲಿ ಕೆಳಗಿರುವುದು ಕಾಫಿ ಗಿಡವಲ್ಲ. ಅದೇ ಆಳುಗಳು ಅದೇ ಕತ್ತಿ ಹಿಡಿದು ಬಂದು ಅದೇ ಕೆಲಸ ಮಾಡಿ ಹೋಗುತ್ತಾರೆ, ಮನೆಯವರು "ಸದ್ಯ, ಮರ ಗಿಡ್ಡವಾಯಿತು" ಎಂದು ನಿಟ್ಟುಸಿರು ಬಿಡುತ್ತಾರೆ.

ಆ ಒಂಬತ್ತು ವರ್ಷಗಳಲ್ಲಿ ಒಳಗೆ ಏನಾಗಿದೆ ನೋಡಿ. ತಲೆ ತೆಗೆದ ತಕ್ಷಣ ಎಲೆಯೆಲ್ಲ ಹೋಯಿತು, ಅಂದರೆ ಮರಕ್ಕೆ ಅಡುಗೆಮನೆಯೇ ಇಲ್ಲ. ಗಾಬರಿಯಿಂದ ತೊಗಟೆಯ ಕೆಳಗೆ ಮಲಗಿದ್ದ ಮೊಗ್ಗುಗಳನ್ನೆಲ್ಲ ಎಬ್ಬಿಸಿ ಹತ್ತಾರು ಚಿಗುರು ಹೊರಡಿಸಿತು. ಸಹಜವಾಗಿ ಬಂದ ಕೊಂಬೆಯ ಬುಡ ಬೊಡ್ಡೆಯ ಒಳಗಿಂದಲೇ ವರ್ಷವರ್ಷಕ್ಕೆ ಹೆಣೆದುಕೊಂಡು ಬೆಳೆದಿರುತ್ತದೆ. ಈ ಚಿಗುರಿಗೆ ಆ ಹೆಣಿಗೆಯಿಲ್ಲ, ಹೊರಪದರಕ್ಕೆ ಅಂಟಿಸಿದಂತೆ ನಿಂತಿರುತ್ತದೆ. ಅದೇ ಹೊತ್ತಿಗೆ ಕೊಯ್ದ ತುದಿಯಿಂದ ಕೊಳೆ ಕೆಳಗಿಳಿಯುತ್ತ ಬರುತ್ತದೆ. ಮೇಲೆ ಭಾರ ಹೆಚ್ಚುತ್ತ, ಕೆಳಗೆ ಹಿಡಿತ ಸಡಿಲವಾಗುತ್ತ ಹೋದರೆ ಯಾವುದೋ ಒಂದು ಗಾಳಿಗೆ ಕೊಂಬೆ ಬುಡಸಮೇತ ಕಿತ್ತು ಬರುತ್ತದೆ. ಶೆಡ್ಡಿನ ಮೇಲೆ ಬಿದ್ದ ಕೊಂಬೆಯ ಫೋಟೊದಲ್ಲಿ ಅದರ ಬುಡ ನೋಡಿ: ಮುರಿದ ಹಾಗಿಲ್ಲ, ಚಮಚದ ಹಾಗೆ ಕಿತ್ತುಬಂದಿದೆ. ಇನ್ನೊಂದು ಸಲ ತಲೆ ತೆಗೆಸಿದರೆ ಪುಕ್ಕಟೆಯಾದರೂ ದುಬಾರಿ. ಮೂರು ವರ್ಷ ನೆಮ್ಮದಿ, ಆಮೇಲೆ ಇದಕ್ಕಿಂತ ಹೆಚ್ಚಿನ ಅಪಾಯ.

ಹಾಗಾದರೆ ದಾರಿ ಏನು? ಮನೆಗೆ ಹನ್ನೆರಡು ಅಡಿ ದೂರದಲ್ಲಿ, ಸರ್ವಿಸ್ ವೈರಿಗೆ ತಾಗುವಂತಿರುವ ಓಕನ್ನು ತೆಗೆಸಿಬಿಡಿ. ಅದರಲ್ಲಿ ಉಳಿಸಿಕೊಳ್ಳುವಂಥ ಕೊಂಬೆ ನನಗೆ ಕಾಣಲಿಲ್ಲ. ಎರಡನೆಯದು ಹಿತ್ತಿಲ ಮೂಲೆಯದ್ದು. ಅದನ್ನೂ ಈಗಲೇ ತೆಗೆಸಿದರೆ ಇಷ್ಟು ವರ್ಷ ಅದರ ಮರೆಯಲ್ಲಿ ಬೆಳೆದ ಹಲಸಿಗೆ ಮಳೆಗಾಲದ ಗಾಳಿ ನೇರ ಬಡಿಯುತ್ತದೆ. ಗಾಳಿಮರೆಯಲ್ಲಿ ಬೆಳೆದ ಮರದ ಬೇರು, ಬೊಡ್ಡೆ ಆ ಗಾಳಿಗೆ ತಯಾರಾಗಿರುವುದಿಲ್ಲ. ಅದಕ್ಕೆ ಎರಡನೇ ಓಕಿನ ಚಿಗುರುಗಳಲ್ಲಿ ಗಟ್ಟಿಯಾಗಿ ಕೂತ ನಾಲ್ಕೈದನ್ನು ಉಳಿಸಿ, ಮಿಕ್ಕದ್ದು ತೆಗೆಸಿ, ಉಳಿಸಿಕೊಂಡ ಕೊಂಬೆಗಳ ಉದ್ದವನ್ನು ಕವಲಿನವರೆಗೆ ತಗ್ಗಿಸಿ ನಾಲ್ಕೈದು ವರ್ಷ ಇಟ್ಟುಕೊಳ್ಳಿ. ಇದರಲ್ಲೂ ಅಪಾಯವಿದೆ. ಎರಡು-ಮೂರು ವರ್ಷಕ್ಕೊಮ್ಮೆ ಮರ ಹತ್ತಿಸಬೇಕು, ಖರ್ಚು ಮರುಕಳಿಸುತ್ತದೆ, ಆ ಮೂಲೆಯಲ್ಲಿ ಗಾಳಿಮಳೆ ದಿನ ಯಾರೂ ಓಡಾಡಬಾರದು. ಈ ತಾಪತ್ರಯ ಬೇಡವೆನಿಸಿದರೆ ಎರಡನ್ನೂ ತೆಗೆಸಿದರೂ ನಾನು ತಪ್ಪೆನ್ನುವುದಿಲ್ಲ. ಆಗ ಹಲಸಿನ ಮೇಲೆ ಎರಡು ಮಳೆಗಾಲ ಹೆಚ್ಚು ಕಣ್ಣಿಡಿ. ಬದಲಿಗೆ ಬಕುಳವೋ ಹೊಂಗೆಯೋ ಗೋಡೆಯಿಂದ ಹದಿನೈದು-ಇಪ್ಪತ್ತು ಅಡಿ ದೂರಕ್ಕೆ ನೆಡಿ.

ಓಕ್ ತೆಗೆಯುವ ದಿನ ಎರಡು ವಿಷಯ ಕಡ್ಡಾಯ. ಮೆಸ್ಕಾಂನವರಿಗೆ ತಿಳಿಸಿ ಲೈನ್ ಆಫ್ ಮಾಡಿಸದೆ ಯಾರನ್ನೂ ಹತ್ತಿಸಬೇಡಿ. ಅಲ್ಯೂಮಿನಿಯಂ ಏಣಿ ಅಂಗಳದೊಳಗೇ ಬರಬಾರದು. ನಮ್ಮ ಜಿಲ್ಲೆಯಲ್ಲಿ ಮರಗಸಿಗೆ, ಮೆಣಸು ಕೊಯ್ಲಿಗೆ ಹೋದವರು ಏಣಿ ತಂತಿಗೆ ತಗುಲಿ ಸತ್ತ ಸುದ್ದಿ ಎಷ್ಟು ಸಲ ಓದಿದ್ದೇವೆ. ಹಗ್ಗ, ಹೆಲ್ಮೆಟ್, ಸೊಂಟದ ಬೆಲ್ಟು ಇಲ್ಲದೆ "ನಂಗೆ ಅಭ್ಯಾಸ ಉಂಟು ಮೇಡಂ" ಅನ್ನುವವನನ್ನು ಕಾಫಿ ಕೊಟ್ಟು ವಾಪಸ್ ಕಳಿಸಿ.

ಇನ್ನು ಮಾವು. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಎರಡೇ ವಾಕ್ಯ, ಆದರೆ ಎರಡೂ ನನ್ನನ್ನು ಹಿಡಿದು ನಿಲ್ಲಿಸಿದವು. ನಾನು ಫೋನಿನಲ್ಲಿ ಕೇಳಿದಾಗ ನೀವು ಹೇಳಿದ್ದು: ಇಂಟರ್‌ಲಾಕ್ ಹಾಕುವಾಗ ಒಂದಡಿ ಮಣ್ಣು ತೆಗೆದರು, ತೋಳುದಪ್ಪದ ಮೂರು ಬೇರು ಅಡ್ಡ ಬಂದವು, ಕಡಿದರು, ಜಲ್ಲಿ-ಎಂ ಸ್ಯಾಂಡ್ ಹಾಸಿ ರೋಲರ್ ಓಡಿಸಿದರು, ಬುಡಕ್ಕೆ ಎರಡಡಿ ಎತ್ತರದ ಕಟ್ಟೆ ಕಟ್ಟಿ ಮಣ್ಣು ತುಂಬಿ ಕ್ರೋಟನ್ ನೆಟ್ಟರು. "ಮರಕ್ಕೇನೂ ಆಗಿಲ್ಲ, ಕಳೆದ ವರ್ಷ ಎಂದೂ ಇಲ್ಲದಷ್ಟು ಕಾಯಿ ಬಿಟ್ಟಿತ್ತು" ಎಂದೂ ಹೇಳಿದಿರಿ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅನ್ನುವುದು ನಮ್ಮೆಲ್ಲರ ತಲೆಯಲ್ಲಿ ಕೂತ ಚಿತ್ರ. ನಿಜದಲ್ಲಿ ದೊಡ್ಡ ಮರದ ಬಹುಪಾಲು ಬೇರು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ. ನೀರು, ಸಾರ ಹೀರುವ ಸಣ್ಣ ಬೇರುಗಳು ಮೇಲಿನ ಒಂದಡಿಯಲ್ಲಿ. ಹರಡುವುದು ಮಾತ್ರ ನೆತ್ತಿಯ ನೆರಳನ್ನೂ ದಾಟಿ ಎರಡು ಮೂರು ಪಟ್ಟು ದೂರಕ್ಕೆ. ಊಟದ ತಟ್ಟೆಯ ಮೇಲೆ ನಿಲ್ಲಿಸಿದ ಲೋಟದ ಹಾಗೆ. ನಿಮ್ಮ ಅಂಗಳದಲ್ಲಿ ತೆಗೆದ ಒಂದಡಿ ಮಣ್ಣು ಅಂದರೆ ಮರದ ಬಾಯಿಯೇ. ಉಳಿದದ್ದರ ಮೇಲೆ ರೋಲರ್ ಓಡಿದಾಗ ಮಣ್ಣಿನ ಕಣಗಳ ನಡುವಿನ ಗಾಳಿ ಹೋಯಿತು. ಬೇರು ಉಸಿರಾಡುತ್ತದೆ, ಗಾಳಿಯಿಲ್ಲದೆ ಉಳಿಯದು. ಬುಡದ ಕಟ್ಟೆ ಮೂರನೇ ಪೆಟ್ಟು. ಅಶ್ವತ್ಥಕಟ್ಟೆ ಕಂಡು ಎಲ್ಲ ಮರಕ್ಕೂ ಕಟ್ಟೆ ಕಟ್ಟುವ ಅಭ್ಯಾಸ ನಮ್ಮದು. ಅರಳಿ, ಆಲಗಳು ಮುಚ್ಚಿದಲ್ಲಿಂದಲೇ ಹೊಸ ಬೇರು ಬಿಟ್ಟುಕೊಳ್ಳುವ ಗಟ್ಟಿ ಜಾತಿ. ಮಾವಿನ ತೊಗಟೆ ಹಸಿ ಮಣ್ಣಿನೊಳಗೆ ಹೂತರೆ ಕೊಳೆಯುತ್ತದೆ.

ಇದೆಲ್ಲ ಆಗಿ ಮೂರು ವರ್ಷವಾದರೂ ಮರ ಹಸಿರಾಗಿದೆಯಲ್ಲ ಅನ್ನುತ್ತೀರಿ. ದೊಡ್ಡ ಮರ ಕೂಡಿಟ್ಟ ಗಂಟು ತಿಂದುಕೊಂಡು ಕೆಲವು ವರ್ಷ ಮರ್ಯಾದೆ ಕಾಪಾಡಿಕೊಳ್ಳುತ್ತದೆ. ಬೇರಿಗೆ ಬಿದ್ದ ಪೆಟ್ಟು ನೆತ್ತಿಯಲ್ಲಿ ಕಾಣಲು ಎರಡರಿಂದ ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟರಲ್ಲಿ ಕೆಲಸ ಮಾಡಿಸಿದ್ದು ಮರೆತಿರುತ್ತದೆ, "ವಯಸ್ಸಾಯಿತು, ಒಣಗಿತು" ಅನ್ನುತ್ತೇವೆ. ಮರ ಒಣಗಿದ ಮನೆಗೆ ಹೋದಾಗ ನಾನು ಮೊದಲು ಕೇಳುವುದು ಮರದ ವಯಸ್ಸನ್ನಲ್ಲ, ಮನೆಗೆ ಕೊನೆಯ ಸಲ ಕೆಲಸ ಮಾಡಿಸಿದ್ದು ಯಾವಾಗ ಎಂದು. ಪೈಪ್‌ಲೈನ್, ಯುಜಿಡಿ (ಒಳಚರಂಡಿ), ಕಾರ್ ಶೆಡ್, ಇಂಟರ್‌ಲಾಕ್, ಏನಾದರೊಂದು ಇದ್ದೇ ಇರುತ್ತದೆ. ಕಾಯಿಯ ವಿಷಯಕ್ಕೆ ಬಂದರೆ, ಮಾವು ಹೇಗೂ ಒಂದು ವರ್ಷ ಬಿಟ್ಟು ಒಂದು ವರ್ಷ ಜೋರಾಗಿ ಬಿಡುವ ಮರ. ಜೊತೆಗೆ, ಸಂಕಟದಲ್ಲಿರುವ ಮರ ಕೆಲವೊಮ್ಮೆ ಅತಿಯಾಗಿ ಹೂ ಬಿಡುವುದೂ ಉಂಟು. ಅದನ್ನು ಆರೋಗ್ಯದ ಸರ್ಟಿಫಿಕೇಟ್ ಎಂದುಕೊಳ್ಳಬೇಡಿ. ನಿಮ್ಮ ಅರ್ಧ ಫೋಟೊದಲ್ಲೇ ನೆತ್ತಿಯ ಒಂದು ಬದಿ ತೆಳ್ಳಗಾಗಿ ಆಕಾಶ ಕಾಣುತ್ತಿದೆ. ಅದು ಬೇರು ಕಡಿದ ಬದಿಯೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಈ ಸ್ಥಿತಿಯಲ್ಲಿ ಕಾಂಪೌಂಡ್ ಬದಿಯ ಬೇರನ್ನೂ ಕಡಿಸಿದರೆ? ಅಂಗಳದ ಕಡೆ ಹಗ್ಗ ಆಗಲೇ ಹೋಗಿದೆ, ಇನ್ನೊಂದು ಕಡೆಯ ಹಗ್ಗವನ್ನೂ ಬಿಚ್ಚಿದಂತೆ. ನಾನು ಕಂಡಂತೆ ನಮ್ಮೂರಲ್ಲಿ ಭರಣಿ, ಕೃತ್ತಿಕೆಯ ಗಾಳಿಗೆ ಮುರಿಯುವುದು ಕೊಂಬೆ. ಬುಡಸಮೇತ ಮಗುಚುವುದು ಆರಿದ್ರಾ, ಪುನರ್ವಸುವಿನಲ್ಲಿ, ನೆಲ ನೆಂದು ಮೆತ್ತಗಾದ ಮೇಲೆ. ಬೊಡ್ಡೆಯ ಅಡ್ಡಳತೆಯ ಮೂರು ಪಟ್ಟು ದೂರದೊಳಗೆ ದಪ್ಪ ಬೇರನ್ನು ಯಾವ ಕಾರಣಕ್ಕೂ ಕಡಿಯಬಾರದು, ಆರು ಪಟ್ಟು ದೂರವಾದರೆ ಒಂದಿಷ್ಟು ನೆಮ್ಮದಿ. ನಿಮ್ಮ ಮಾವು ಎರಡೂವರೆ ಅಡಿ ದಪ್ಪವಿದ್ದರೆ ಏಳೂವರೆ ಅಡಿಯೊಳಗೆ ಮುಟ್ಟಲೇಬಾರದು. ಕಾಂಪೌಂಡ್ ಇರುವುದು ನಾಲ್ಕಡಿಯಲ್ಲಿ.

ಗೋಡೆಯನ್ನು ಬದಲಿಸಿ, ಬೇರನ್ನಲ್ಲ. ಬಿರುಕು ಬಿಟ್ಟ ಆರೇಳು ಅಡಿ ಗೋಡೆ ಕಳಚಿ, ಬೇರಿನ ಆಚೆಗೊಂದು ಈಚೆಗೊಂದು ಪಿಲ್ಲರ್ ನಿಲ್ಲಿಸಿ, ನಡುವೆ ಬೇರಿಗೆ ತಾಗದಂತೆ ಒಂದು ಬೀಮೋ ಕಲ್ಲುಚಪ್ಪಡಿಯೋ ಹಾಸಿ ಅದರ ಮೇಲೆ ಗೋಡೆ ಎಬ್ಬಿಸಿದರೆ ಬೇರು ದಪ್ಪವಾಗಲು ಜಾಗ ಸಿಗುತ್ತದೆ. ಪಿಲ್ಲರ್ ಗುಂಡಿಯನ್ನು ಜೆಸಿಬಿಯಲ್ಲಿ ತೆಗೆಯಬೇಡಿ, ಗುದ್ದಲಿಯಲ್ಲಿ ಮೆಲ್ಲಗೆ, ಬೇರು ಕಂಡರೆ ಜಾಗ ಸರಿಸಿ. ಕಾಂಪೌಂಡಿನಂಥ ಹಗುರ ಗೋಡೆಯನ್ನು, ಅಂಗಳದ ಹಾಸನ್ನು ಬೇರು ಎತ್ತಬಲ್ಲದು. ಮನೆಯ ಸೈಜುಗಲ್ಲಿನ ಪಾಯವನ್ನು ಎತ್ತಿ ಒಡೆಯುತ್ತದೆ ಅನ್ನುವುದು ಇಲ್ಲಿನ ಕೆಂಪು ಮಣ್ಣಿನಲ್ಲಿ ಬಲು ಅಪರೂಪ. ಕಡೂರು, ಅಜ್ಜಂಪುರದ ಕಡೆಯ ಎರೆಮಣ್ಣಾದರೆ ಮಾತು ಬೇರೆ. ಅಲ್ಲಿ ಮರ ನೀರು ಹೀರಿದಾಗ ನೆಲವೇ ಕುಗ್ಗಿ ಪಾಯ ಇಳಿಯಬಹುದು. ಅಡುಗೆಮನೆ ಗೋಡೆಯ ಬಿರುಕಿನ ಬಗ್ಗೆಯೂ ಫೋನಿನಲ್ಲಿ ಕೇಳಿದ್ದಿರಿ. ಆ ಮೂಲೆಯಲ್ಲಿ ಹೆಂಚಿನ ನೀರು ನೇರ ಪಾಯದ ಪಕ್ಕಕ್ಕೆ ಸುರಿಯುವುದನ್ನು ಮೊದಲು ಸರಿಪಡಿಸಿ. ಬಚ್ಚಲ ಪೈಪಿನೊಳಗೆ ಬೇರು ಸಿಕ್ಕಿತೆಂದರೆ ಪೈಪ್ ಮೊದಲೇ ಸೋರುತ್ತಿತ್ತು ಎಂದರ್ಥ. ಹಳೇ ಮಣ್ಣಿನ ಪೈಪ್ ತೆಗೆದು ಪಿವಿಸಿ ಹಾಕಿಸಿದರೆ ಬೇರು ಒಳನುಗ್ಗಲು ಕಾರಣವಿಲ್ಲ.

ಮಾವನ್ನು ಉಳಿಸಲು ಮಾಡಬಹುದಾದದ್ದು ಇಷ್ಟು. ಬುಡದ ಕಟ್ಟೆ ಒಡೆದು ಮಣ್ಣು ತೆಗೆಸಿ, ಬೊಡ್ಡೆ ಅಗಲವಾಗಿ ಬೇರಿಗೆ ಇಳಿಯುವ ಜಾಗ ಕಣ್ಣಿಗೆ ಕಾಣಬೇಕು. ತೆಗೆದ ಮೇಲೆ ತೊಗಟೆಯನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಅಥವಾ ಹುಳಿ ವಾಸನೆ ಬಂದರೆ ಫೋಟೊ ಕಳಿಸಿ. ಸುತ್ತ ಎಂಟಡಿ ಇಂಟರ್‌ಲಾಕ್ ಕಲ್ಲು ಎತ್ತಿಸಿ, ಜಲ್ಲಿ ಸರಿಸಿ. ಅಗೆಯಬೇಡಿ. ಕಬ್ಬಿಣದ ಸಲಾಕೆಯಲ್ಲಿ ಎರಡೆರಡು ಅಡಿಗೆ ಒಂದು ತೂತು ಮಾಡಿ ಗೊಬ್ಬರದ ಪುಡಿ ತುಂಬಿ. ಮೇಲೆ ಮೂರ್ನಾಲ್ಕು ಇಂಚು ಒಣ ಎಲೆಯ ದರಗು ಹರಡಿ. ದಿನಾ ಬೆಳಿಗ್ಗೆ ಗುಡಿಸಿ ಬೆಂಕಿ ಹಾಕುತ್ತೀರಲ್ಲ, ಅದೇ. ಬೊಡ್ಡೆಗೆ ತಾಗದಂತೆ ಒಂದು ಗೇಣು ಬಿಡಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಪೈಪ್ ಸಣ್ಣಗೆ ಬಿಟ್ಟು ನಿಧಾನ ನೀರುಣಿಸಿ. ಯೂರಿಯ ಬೇಡ, ಬೇರಿಲ್ಲದ ಮರಕ್ಕೆ ಎಲೆ ಹೆಚ್ಚಿಸುವುದು ಹೊಟ್ಟೆ ಕೆಟ್ಟವನಿಗೆ ಹೋಳಿಗೆ ಬಡಿಸಿದಂತೆ. ಒಣ ಕೊಂಬೆ ಬಿಟ್ಟು ಎರಡು ವರ್ಷ ಏನೂ ಕಡಿಯಬೇಡಿ.

ಇಷ್ಟು ಮಾಡಿದರೂ ಅದು ಉಳಿದೇ ಉಳಿಯುತ್ತದೆ ಎಂದು ನಾನು ಬರೆದುಕೊಡಲಾರೆ. ಗೇಟಿನ ಮುಂದೆ ಶಾಲೆ ಆಟೋ ನಿಲ್ಲುತ್ತದೆ ಎಂದಿದ್ದೀರಿ. ಆಟೋದವರಿಗೆ ಹೇಳಿ ಇಪ್ಪತ್ತು-ಮೂವತ್ತು ಅಡಿ ಆಚೆ ನಿಲ್ಲಿಸಿ, ಅದು ಇಂದೇ ಆಗುವ, ಖರ್ಚಿಲ್ಲದ ಕೆಲಸ. ಮಳೆಗಾಲದಲ್ಲಿ ಬುಡದ ಸುತ್ತ ನೆಲ ಅರ್ಧಚಂದ್ರಾಕಾರದಲ್ಲಿ ಬಿರಿದರೆ, ಗಾಳಿ ಬೀಸಿದಾಗ ಬುಡದ ಮಣ್ಣು ಉಸಿರಾಡಿದಂತೆ ಏಳುತ್ತ ಇಳಿಯುತ್ತ ಇದ್ದರೆ, ಅಥವಾ ನೆಟ್ಟಗಿದ್ದ ಮರ ಹೊಸದಾಗಿ ವಾಲಿದರೆ ಕಾಯಬೇಡಿ. ಹುಟ್ಟಿನಿಂದ ವಾಲಿ, ತುದಿ ಮತ್ತೆ ಮೇಲೆ ತಿರುಗಿಸಿಕೊಂಡ ಮರ ಬೇರೆ, ನಿನ್ನೆ ವಾಲಿದ್ದು ಬೇರೆ. ಎರಡು ವರ್ಷದಲ್ಲಿ ನೆತ್ತಿ ಮೂರನೇ ಒಂದು ಭಾಗ ಒಣಗಿದರೆ ನಾನೇ ಕಡಿಸಿ ಎನ್ನುತ್ತೇನೆ.

ಸಣ್ಣ ಸಂಶಯಗಳಿಗೆ ಚುಟುಕಾಗಿ: ಬೊಡ್ಡೆ ಮೇಲಿನ ಪಾಚಿ, ಸೀತಾಳೆ ದಂಡೆ ಮರವನ್ನು ಹೀರುವುದಿಲ್ಲ, ಬರೀ ಕೂತಿರುತ್ತವೆ. ಮಾವಿನ ಮೇಲಿನ ಬಂದನಿಕೆ ನಿಜವಾಗಿ ಹೀರುತ್ತದೆ, ಅದು ಕೂತ ಟೊಂಗೆಯನ್ನು ಒಂದಡಿ ಕೆಳಗಿನಿಂದ ತೆಗೆಸಿ. ತೊಗಟೆ ಮೇಲೆ ಗೆದ್ದಲು ಮಣ್ಣು ಹತ್ತಿದರೆ ಅದು ಮುಖ್ಯವಾಗಿ ಸತ್ತ ಹೊರಪದರ ತಿನ್ನುತ್ತಿದೆ, ಕೈಯಲ್ಲಿ ಉಜ್ಜಿ ತೆಗೆದರಾಯಿತು. ಬೊಡ್ಡೆಯ ತೂತಿನಿಂದ ಮರದ ಹೊಟ್ಟು ಉದುರುತ್ತಿದ್ದರೆ ಮಾತ್ರ ಕಾಂಡ ಕೊರೆಯುವ ಹುಳು, ಅದು ಮಾವು ಹಲಸು ಎರಡಕ್ಕೂ ಬರುತ್ತದೆ, ತಡಮಾಡಬೇಡಿ. ಮೊಳೆ ಹೊಡೆದರೆ ಕಾಯಿ ಹೆಚ್ಚುತ್ತದೆ ಅನ್ನುವವರಿಗೆ ಸುತ್ತಿಗೆ ಕೊಡಬೇಡಿ.

ಕಾನೂನಿನದೂ ಒಂದು ಮಾತು. ಸ್ವಂತ ಹಿತ್ತಿಲ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ನೀಲಗಿರಿ, ಗಾಳಿ ಮರದಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಓಕಿಗೆ ತೊಡಕಿಲ್ಲ, ಮಿಕ್ಕವನ್ನು ಮುಟ್ಟುವ ಮೊದಲು ಕಚೇರಿಯಲ್ಲಿ ಕೇಳಿ. ಸತ್ತ, ರೋಗ ಬಂದ, ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯವಾದ ಮರಕ್ಕೆ ಅನುಮತಿ ಸಿಗುತ್ತದೆ. ಮಾವಿನ ಸ್ಥಿತಿಯನ್ನು ಮೂರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದಿಟ್ಟರೆ ಅರ್ಜಿಯ ಜೊತೆ ಕೊಡಲು ಆಗುತ್ತದೆ, ನನಗೂ ನೋಡಲು ಆಗುತ್ತದೆ. ಶೆಡ್ಡಿನ ಶೀಟಿನ ದುಡ್ಡು ಪಕ್ಕದವರಿಗೆ ಕೊಟ್ಟುಬಿಡಿ. ಒಂದು ಸಲ ಮುರಿದು ಬಿದ್ದ ಮೇಲೆ ಇನ್ನು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ನಿಮ್ಮ ಅತ್ತೆಯವರಿಗೆ ಹೇಳಿ, ಹಲಸು ಇರುತ್ತದೆ. ಆದರೆ ಹೆಂಚಿನ ಮೇಲೆ ಚಾಚಿದ ಆ ಕೊಂಬೆಯಲ್ಲಿ ಈ ಸಲ ಒಂದೂ ಕಾಯಿ ಹಣ್ಣಾಗಲು ಬಿಡಬಾರದು. ಹದಿನೈದು ಕಿಲೋ ಹಣ್ಣು ಅಲ್ಲಿಂದ ಬಿದ್ದರೆ ಹೆಂಚು, ರೀಪು ಎರಡೂ ಹೋಗುತ್ತವೆ. ಆ ಕೊಂಬೆಯದ್ದನ್ನೆಲ್ಲ ಎಳೆಯ ಗುಜ್ಜೆಯಿರುವಾಗಲೇ ಇಳಿಸಿ ಪಲ್ಯಕ್ಕೆ ಹಾಕಿ. ಬೊಡ್ಡೆಯ ಮೇಲಿನದ್ದು ಹಣ್ಣಿಗಿರಲಿ.